ಎಳೆಯುವ ಕುದುರೆಗೆ ಯಾವ ಬಿಟ್, ಯಾವ ಮೂಗುಪಟ್ಟಿ?

ಹೊಸೂರು, ಬಾಗಲೂರು, ತಳಿ, ದೆಂಕಣಿಕೋಟೆ ಸುತ್ತಲಿನ ತೋಟಗಳಲ್ಲಿ ಸವಾರಿಗೆಂದು ಸಾಕಿರುವ ಕುದುರೆಗಳು ಹೆಚ್ಚಾಗಿ ಎರಡು ದಾರಿಯಿಂದ ಬಂದಿರುತ್ತವೆ. ಒಂದು, ಬೆಂಗಳೂರು ಇಲ್ಲವೇ ಚೆನ್ನೈ ರೇಸ್‌ಕೋರ್ಸಿನಲ್ಲಿ ಓಡಿ ನಿವೃತ್ತಿಯಾದ ಥರೋಬ್ರೆಡ್, ಅಂದರೆ ರೇಸಿನ ಜಾತಿಯ ಕುದುರೆ. ಇನ್ನೊಂದು, ಆಡಿ ತಿಂಗಳಲ್ಲಿ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಯಿಂದಲೋ ದಲ್ಲಾಳಿಯ ಕೈಯಿಂದಲೋ ಬಂದ ಮಾರ್ವಾಡಿ, ಕಾಠಿಯಾವಾಡಿ ಜಾತಿಯ ಕುದುರೆ. ಎರಡರ ಮೇಲೂ ದೂರು ಒಂದೇ: ‘ಕೈಗೆ ಸಿಗಲ್ಲ, ಎಳ್ಕೊಂಡು ಹೋಗುತ್ತೆ.’ ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ: ‘ಇದಕ್ಕಿಂತ ಜೋರಾದ ಬಿಟ್ ಯಾವುದಿದೆ?’ ಬಿಟ್ ಎಂದರೆ ಕಡಿವಾಣ, ಲಗಾಮು ಸೇರುವ ಬಾಯಿಯ ಕಬ್ಬಿಣ. ಆದರೆ ಈ ಎರಡು ಕುದುರೆಗಳು ಎಳೆಯುವ ಕಾರಣ ಬೇರೆ ಬೇರೆ. ಹಾಗಾಗಿ ಬಾಯಿಗೆ ಹಾಕಬೇಕಾದ ಕಬ್ಬಿಣವೂ ಬೇರೆ, ಮೂಗಿನ ಮೇಲೆ ಕಟ್ಟುವ ಪಟ್ಟಿಯೂ ಬೇರೆ.

ಮೊದಲು ತೂಕದ ಲೆಕ್ಕ. 450 ಕೆಜಿ ಕುದುರೆಯ ತಲೆ, ಕತ್ತು ಎರಡೇ ಸೇರಿದರೆ ದೇಹತೂಕದ ಹತ್ತನೇ ಒಂದು ಭಾಗ, ಅಂದರೆ ಸುಮಾರು 45 ಕೆಜಿ. ಅದನ್ನು ಅದು ಲಗಾಮಿನ ಮೇಲೆ ಊರಿಬಿಟ್ಟರೆ ಯಾವ ಸವಾರನ ತೋಳೂ ಸಾಲದು. ಕುದುರೆ ನಿಲ್ಲುವುದು ಅದಕ್ಕೆ ಆ ಸನ್ನೆ ಗೊತ್ತಿದ್ದರೆ, ಮತ್ತು ನಿಂತ ತಕ್ಷಣ ಬಾಯಿಗೆ ಆರಾಮ ಸಿಗುತ್ತದೆ ಎಂದು ನಂಬಿಕೆಯಿದ್ದರೆ. ಬಿಟ್‌ನ ಕೆಲಸ ಆ ಸನ್ನೆಯನ್ನು ಸ್ಪಷ್ಟವಾಗಿ ಮುಟ್ಟಿಸುವುದು, ಕೈ ಸಡಿಲಿಸಿದಾಗ ಅಷ್ಟೇ ಸ್ಪಷ್ಟವಾಗಿ ಬಿಟ್ಟುಕೊಡುವುದು. ಕೆಳಗೆ ಬರುವ ಪ್ರತಿ ಬಿಟ್ಟನ್ನೂ ಈ ಎರಡು ಗುಣದಿಂದಲೇ ಅಳೆಯಬೇಕು.

ರೇಸ್ ಕುದುರೆಗೆ ಕಲಿಸಿರುವುದು ನಮಗೆ ಬೇಕಾದ್ದರ ತಿರುಗುಮುರುಗು. ಜಾಕಿ ರಿಕಾಪನ್ನು (ಸವಾರ ಕಾಲಿಡುವ ಬಳೆ) ಗಿಡ್ಡ ಮಾಡಿಕೊಂಡು, ಜೀನಿನಿಂದ ಎದ್ದು, ಎರಡೂ ಲಗಾಮನ್ನು ಒಂದರ ಮೇಲೊಂದು ಜೋಡಿಸಿ ಹಿಡಿದು ಕತ್ತಿನ ಮೇಲೆ ಒತ್ತುತ್ತಾನೆ. ಕುದುರೆ ಆ ಗಟ್ಟಿ ಹಿಡಿತಕ್ಕೆ ಬಾಯಿ ಕೊಟ್ಟು, ಅದರ ಮೇಲೆ ಭಾರ ಹಾಕಿ ಓಡುತ್ತದೆ. ಗೆಲ್ಲುವ ಗಂಬ ದಾಟಿದ ಮೇಲೆ ಜಾಕಿ ಎದ್ದು ನಿಲ್ಲುತ್ತಾನೆ, ಕೈ ಸಡಿಲವಾಗುತ್ತದೆ, ಕುದುರೆ ತಾನಾಗಿ ನಿಧಾನಿಸುತ್ತದೆ. ಹೀಗೆ ಮೂರು ನಾಲ್ಕು ವರ್ಷ ಪಳಗಿದ ಕುದುರೆಯ ಮೇಲೆ ಹೆದರಿದ ಸವಾರ ಕೂತು, ಮುಂದಕ್ಕೆ ಬಾಗಿ, ಲಗಾಮು ಗಿಡ್ಡ ಮಾಡಿ ಬಿಗಿ ಹಿಡಿದರೆ ಅದು ಏನೆಂದು ತಿಳಿಯಬೇಕು? ಗೇಟು ತೆರೆಯಿತು ಎಂದೇ ತಿಳಿಯುತ್ತದೆ. ಇಂಥ ಕುದುರೆಗೆ ಜೋರಾದ ಬಿಟ್ ಹಾಕಿದರೆ ಮೊದಲ ಎರಡು ಮೂರು ದಿನ ಬೆಚ್ಚಿ ನಿಲ್ಲುತ್ತದೆ, ಆಮೇಲೆ ಅದಕ್ಕೂ ಭಾರ ಕೊಡಲು ಕಲಿಯುತ್ತದೆ.

ಮಾರ್ವಾಡಿಯ ಕಥೆ ಬೇರೆ. ಕುಣಿತಕ್ಕೆ, ಮದುವೆ ಮೆರವಣಿಗೆಗೆ ಪಳಗಿಸಿದ ಎಷ್ಟೋ ಕುದುರೆಗಳಿಗೆ ಮುಳ್ಳಿನ ಕಡಿವಾಣ ಹಾಕಿರುತ್ತಾರೆ. ಬಾಯಿಯ ಮೂಲೆಯಲ್ಲಿ ಬಿಳಿ ಗಾಯದ ಗುರುತು, ನಾಲಿಗೆಯ ಮೇಲೆ ಅಡ್ಡ ಕೊಯ್ತದ ಕಲೆ, ಒಸಡಿನ ಎಲುಬಿನ ಮೇಲೆ ಬೆರಳಿಗೆ ಸಿಗುವ ಗಂಟು, ಇವೆಲ್ಲ ಅದರ ಲಕ್ಷಣ. ಇಂಥ ಕುದುರೆ ಭಾರ ಕೊಡುವುದಿಲ್ಲ, ನೋವಿನಿಂದ ತಪ್ಪಿಸಿಕೊಳ್ಳಲು ಓಡುತ್ತದೆ. ತಲೆ ಮೇಲೆತ್ತಿ, ಬೆನ್ನು ತಗ್ಗಿಸಿ, ಬಾಯಿ ತೆರೆದು ಓಡುತ್ತದೆ. ಮುಳ್ಳಿನ ಬಿಟ್ ಬಳಸುವುದು 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳ ಪ್ರಕಾರ ನಿಷಿದ್ಧ. ಆ ನಿಯಮದಲ್ಲಿ ಸವಾರಿಯ ಮಾತೂ ಬರುತ್ತದೆ, ಗಾಡಿಗೆ ಮಾತ್ರ ಅನ್ವಯ ಎನ್ನುವುದು ತಪ್ಪು ತಿಳಿವಳಿಕೆ. ಕುದುರೆಯ ಜೊತೆಗೆ ಅಂಥ ಕಡಿವಾಣವನ್ನೂ ಕೊಟ್ಟಿದ್ದರೆ ಗುಜರಿಗೆ ಹಾಕಿ, ಲಾಯದ ಗೋಡೆಗೂ ತೂಗುಹಾಕಬೇಡಿ. ಯಾರೋ ಒಬ್ಬ ಹೊಸ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಒಂದು ದಿನ ಅದನ್ನೇ ತೆಗೆದು ಹಾಕುತ್ತಾನೆ.

ಬಿಟ್ ಅಂಗಡಿಗೆ ಹೋಗುವ ಮೊದಲು ನೋಡಬೇಕಾದ್ದು ಮೂರು: ಹಲ್ಲು, ಬೆನ್ನು, ಮೇವು.

ಕುದುರೆಯ ದವಡೆ ಹಲ್ಲು ಸವೆಯುವಾಗ ಮೇಲಿನ ಸಾಲಿನ ಹೊರ ಅಂಚಿನಲ್ಲಿ, ಕೆಳಸಾಲಿನ ಒಳ ಅಂಚಿನಲ್ಲಿ ಚೂಪು ಏಳುತ್ತದೆ. ಮೂಗುಪಟ್ಟಿ ಬಿಗಿದಾಗ ಕೆನ್ನೆಯ ಒಳಚರ್ಮ ಆ ಚೂಪಿಗೆ ಸಿಕ್ಕಿ ಕೊಯ್ಯುತ್ತದೆ. ಮೇಲ್ದವಡೆಯ ಮೊದಲ ದವಡೆ ಹಲ್ಲಿನ ಮುಂದೆ ಕಡಲೆಕಾಳಿನಷ್ಟು ಚಿಕ್ಕ ತೋಳಹಲ್ಲು ಇದ್ದರೆ ಬಿಟ್ ಅದಕ್ಕೆ ತಗಲುತ್ತಿರುತ್ತದೆ. ಗಂಡು ಕುದುರೆಗೆ ನಾಲ್ಕೈದು ವರ್ಷದ ಹೊತ್ತಿಗೆ ಕೋರೆಹಲ್ಲು ಬರುತ್ತದೆ, ಬಿಟ್ ತೀರಾ ಕೆಳಗೆ ತೂಗಿದರೆ ಅದಕ್ಕೆ ಬಡಿಯುತ್ತದೆ. ವರ್ಷಕ್ಕೊಮ್ಮೆ ಹಲ್ಲು ಉಜ್ಜಿಸಲೇಬೇಕು, ಎಳೆಯ ಕುದುರೆಗೂ ಮುದಿ ಕುದುರೆಗೂ ಆರು ತಿಂಗಳಿಗೊಮ್ಮೆ. ಹಲ್ಲು ಸರಿಯಾದ ಮೇಲೆ ಎಳೆಯುವ ದೂರು ಪೂರ್ತಿ ಹೋದ ಕುದುರೆಗಳೂ ಇವೆ, ಆದರೆ ಬಾಯಿ ಗಾಯ ಮಾಯಲು ಹತ್ತು ದಿನವಾದರೂ ಬಿಟ್ ಇಲ್ಲದೆ ಬಿಡಬೇಕು.

ಬೆನ್ನಿಗೆ ಜೀನು ಸರಿಯಾಗಿ ಕೂರದಿದ್ದರೆ ಕುದುರೆ ಅದರ ಕೆಳಗಿಂದ ಓಡಿ ತಪ್ಪಿಸಿಕೊಳ್ಳಲು ನೋಡುತ್ತದೆ. ಜೀನಿನ ಹಿಂದೆ ಬೆನ್ನೆಲುಬಿನ ಎರಡೂ ಬದಿ ಬೆರಳ ತುದಿಯಿಂದ ಒತ್ತಿ ನೋಡಿ, ಚರ್ಮ ಅದುರಿ ಬೆನ್ನು ಕುಸಿದರೆ ಬಿಟ್ ಯೋಚನೆ ಬಿಡಿ.

ಇನ್ನು ಮೇವು. ರೇಸಿನಲ್ಲಿದ್ದಾಗ ದಿನಕ್ಕೆ ಐದಾರು ಕೆಜಿ ಓಟ್ಸ್, ಕಾಳು ತಿಂದ ಕುದುರೆ ಇಲ್ಲಿಗೆ ಬಂದು ದಿನಕ್ಕೆ ಮುಕ್ಕಾಲು ಗಂಟೆ ನಡೆಯುತ್ತದೆ. ಸೈಸ್ ಮಾತ್ರ ಅಭಿಮಾನದಿಂದ ಬೇಯಿಸಿದ ಹುರುಳಿ, ಓಟ್ಸ್ ಹಳೇ ಅಳತೆಯಲ್ಲೇ ಸುರಿಯುತ್ತಾನೆ. ಕಾಳಿನ ಪಾಲನ್ನು ಹತ್ತು ಹದಿನೈದು ದಿನದಲ್ಲಿ ಮೆಲ್ಲಗೆ ಇಳಿಸಿ, ಹಗುರ ಕೆಲಸಕ್ಕೆ ಒಂದೂವರೆ ಎರಡು ಕೆಜಿ ಸಾಕು. ಒಣಮೇವು ದೇಹತೂಕದ ಶೇ. 1.5ರಿಂದ 2, ಅಂದರೆ 450 ಕೆಜಿಗೆ ಏಳರಿಂದ ಒಂಬತ್ತು ಕೆಜಿ ಬೇಕು. ನಮ್ಮ ಕಡೆ ನೀರಾವರಿ ಇರುವವರೆಲ್ಲ ಸೀಮೆಹುಲ್ಲನ್ನೇ ಹಾಕುತ್ತಾರೆ. ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟು ಮೂಳೆ ಕೆಡಿಸುತ್ತದೆ, ಅದೊಂದನ್ನೇ ಹಾಕಬೇಡಿ. ಮತ್ತು ದಿನಕ್ಕೆ ನಾಲ್ಕು ಗಂಟೆಯಾದರೂ ಬಯಲಿಗೆ ಬಿಡಿ. ಇಪ್ಪತ್ತಮೂರು ಗಂಟೆ ಲಾಯದಲ್ಲಿ ನಿಂತ ಕುದುರೆಯನ್ನು ಯಾವ ಬಿಟ್ಟೂ ತಣ್ಣಗಾಗಿಸುವುದಿಲ್ಲ.

ಇಷ್ಟೆಲ್ಲ ಸರಿಯಿದ್ದು ಇನ್ನೂ ಎಳೆಯುತ್ತದೆ ಎಂದಾದರೆ ಬಾಯಿ ಅಳೆಯೋಣ.

ಅರ್ಧ ಇಂಚಿನ ನೀರಿನ ಪೈಪಿನ ತುಂಡಿಗೋ ನಯವಾದ ಕೋಲಿಗೋ ಶುಭ್ರ ಬಟ್ಟೆ ಸುತ್ತಿ, ಬಿಟ್ ಕೂರುವ ಜಾಗದಲ್ಲಿ ಬಾಯಿಗೆ ಅಡ್ಡ ಹಾಕಿ, ಎರಡೂ ತುಟಿಯ ಅಂಚಿಗೆ ಗುರುತು ಮಾಡಿ. ಅದು ತುಟಿಯಿಂದ ತುಟಿಗೆ ಅಗಲ. ಮೊಟ್ಟೆಯಾಕಾರದ ಅಥವಾ ಡಿ ಆಕಾರದ ಅಲುಗಾಡದ ಉಂಗುರಕ್ಕೆ ಪ್ರತಿ ಬದಿಗೆ 3 ಮಿಮೀ ಸೇರಿಸಿ, ಸಡಿಲ ಉಂಗುರಕ್ಕೆ ಪ್ರತಿ ಬದಿಗೆ 5 ಮಿಮೀ. ಥರೋಬ್ರೆಡ್‌ಗೆ ಸಾಮಾನ್ಯವಾಗಿ 5 ಅಥವಾ 5¼ ಇಂಚು, ಹೆಚ್ಚಿನ ಮಾರ್ವಾಡಿಗಳಿಗೆ 4¾ ಅಥವಾ 5. ಅಂಗಡಿಯಲ್ಲಿ ಸುಮ್ಮನೆ ‘ಕುದುರೆ ಸೈಜ್’ ಎಂದರೆ 5½ ಕೊಡುತ್ತಾರೆ. ಅಗಲ ಹೆಚ್ಚಾದ ಒಂಟಿ ಕೀಲಿನ ಬಿಟ್ ಬಾಯಲ್ಲಿ ಒಂದು ಕಡೆ ಜಾರಿ ಕೀಲು ನಡುವಿನಿಂದ ಸರಿಯುತ್ತದೆ. ಆಗ ಒಂದೇ ಕಡೆಗೆ ವಾಲುವ ಚಾಳಿ ಶುರು. ಚಿಕ್ಕದಾದರೆ ಉಂಗುರ ಕೆನ್ನೆಯನ್ನು ದವಡೆ ಹಲ್ಲಿಗೆ ಒತ್ತುತ್ತದೆ.

ಎತ್ತರಕ್ಕೆ ‘ಮೂಲೆಯಲ್ಲಿ ಎರಡು ಸುಕ್ಕು’ ಎನ್ನುವ ಮಾತು ಎಲ್ಲ ಬಾಯಿಗೂ ಹೊಂದುವುದಿಲ್ಲ. ತುಟಿ ದಪ್ಪವಾಗಿದ್ದರೆ ಬಿಟ್ ಸರಿಯಾಗಿ ಕೂತಾಗ ಒಂದೇ ಸುಕ್ಕು ಬರಬಹುದು. ನೋಡಬೇಕಾದ್ದು ಬಾಯಿ ಮುಚ್ಚಿರುವಾಗ ಬಿಟ್ ಮೂಲೆಗೆ ತಾಗಿಕೊಂಡಿದೆಯೇ, ಕೋರೆಹಲ್ಲಿಗೂ ದವಡೆಹಲ್ಲಿಗೂ ತಾಗದೆ ಇದೆಯೇ, ಮತ್ತು ಲಗಾಮು ಹಿಡಿದಾಗ ಕೆನ್ನೆಪಟ್ಟಿ ಹೊರಕ್ಕೆ ಬಾಗದೆ ಇದೆಯೇ. ನಾಲಿಗೆ ಬಿಟ್‌ನ ಮೇಲೆ ಹಾಕುವ ಕುದುರೆಗೆ ಒಂದು ತೂತು ಏರಿಸಿ, ಅದಕ್ಕಿಂತ ಹೆಚ್ಚಲ್ಲ.

ದಪ್ಪ ಬಿಟ್ ಮೆದು, ತೆಳು ಬಿಟ್ ಗಡಸು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮುಚ್ಚಿದ ಬಾಯೊಳಗೆ ನಾಲಿಗೆಯೇ ಹೆಚ್ಚುಕಮ್ಮಿ ಜಾಗವೆಲ್ಲ ತುಂಬಿರುತ್ತದೆ. ಅಲ್ಲಿ 20 ಮಿಮೀ ಕಬ್ಬಿಣ ತುರುಕಿದರೆ ಕುದುರೆ ಬಾಯಿ ಮುಚ್ಚಲಾರದು. ನಾವು ಅದನ್ನು ‘ಬಾಯಿ ತೆರೆಯುವ ಚಟ’ ಎಂದು ಮೂಗುಪಟ್ಟಿ ಬಿಗಿಯುತ್ತೇವೆ. ಬಿಟ್ ಹಾಕುವ ಜಾಗದಲ್ಲಿ ತುಟಿಯ ಮೂಲೆಯಿಂದ ತೋರುಬೆರಳು, ನಡುಬೆರಳನ್ನು ಒಂದರ ಮೇಲೊಂದು ತೂರಿಸಿ ನೋಡಿ. ಎರಡೂ ಒತ್ತಡವಿಲ್ಲದೆ ಹೋದರೆ 16 ಮಿಮೀ, ಎರಡನೆಯದು ಇರುಕಿದರೆ 14 ಮಿಮೀ. ಹತ್ತಕ್ಕಿಂತ ತೆಳುವಾದದ್ದು, ತಂತಿ ಹೊಸೆದದ್ದು, ಅಂಚುಕೊರೆದದ್ದು ಯಾವ ಬಾಯಿಗೂ ಬೇಡ.

ಈಗ ದೂರಿಗೆ ತಕ್ಕ ಕಬ್ಬಿಣ.

ಕತ್ತು ಕೆಳಗೆ ಊರಿ ಲಗಾಮಿಗೆ ಭಾರ ಹಾಕುವ ನಿವೃತ್ತ ಥರೋಬ್ರೆಡ್‌ಗೆ ಅಲುಗದ ಒಂಟಿ ಸರಳು ಬೇಡ. ಅದರ ಮೇಲೆ ಒರಗಿಕೊಳ್ಳುವುದು ಸುಲಭ. ಸಡಿಲ ಉಂಗುರದ, ಎರಡು ಕೀಲಿನ, ನಡುವೆ ಚಿಕ್ಕ ಗುಂಡು ತುಂಡಿರುವ ಲಾಜೆಂಜ್ ಸ್ನ್ಯಾಫಲ್‌ನಿಂದ (ಸ್ನ್ಯಾಫಲ್ ಎಂದರೆ ಸನ್ನೆಕೋಲಿಲ್ಲದ ಸಾದಾ ಬಿಟ್) ಶುರು ಮಾಡಿ. ಉಂಗುರ ತಿರುಗುತ್ತಲೇ ಇರುವುದರಿಂದ ಕುದುರೆಗೆ ಆನಿಕೊಳ್ಳಲು ಗಟ್ಟಿ ನೆಲೆ ಸಿಗುವುದಿಲ್ಲ. ಎರಡು ಕೀಲಿನದ್ದರಲ್ಲೇ ಡಾಕ್ಟರ್ ಬ್ರಿಸ್ಟಲ್ ಎಂಬುದಿದೆ. ನಡುವಿನ ಚಪ್ಪಟೆ ತಗಡು ಓರೆಯಾಗಿ ಕೂರುವುದರಿಂದ ಅಂಚು ನಾಲಿಗೆಗೆ ಒತ್ತುತ್ತದೆ. ನೋಡಲು ಮೆದುವಾದ ಫ್ರೆಂಚ್ ಲಿಂಕ್‌ನಂತೆಯೇ ಇರುತ್ತದೆ, ಮಾರುವವರೂ ಬೆರೆಸಿಬಿಡುತ್ತಾರೆ. ಬಿಟ್ಟನ್ನು ಬಾಯಲ್ಲಿ ಇರುವಂತೆಯೇ ಕೈಯಲ್ಲಿ ಹಿಡಿದು ಎರಡೂ ಉಂಗುರ ಎಳೆದು ನೋಡಿ, ತಗಡು ನಾಲಿಗೆಯ ಮೇಲೆ ಚಪ್ಪಟೆಯಾಗಿ ಮಲಗಿದರೆ ಫ್ರೆಂಚ್ ಲಿಂಕ್.

ಅದರಿಂದಲೂ ಭಾರ ಇಳಿಯದಿದ್ದರೆ ವಾಟರ್‌ಫೋರ್ಡ್ ನೋಡಬಹುದು. ಗುಂಡುಗಳನ್ನು ಕೊಂಡಿಯಿಂದ ಪೋಣಿಸಿದ್ದು, ಎಲ್ಲ ದಿಕ್ಕಿಗೂ ಬಳುಕುತ್ತದೆ, ಹಿಡಿದು ಒರಗಲು ಆಗುವುದೇ ಇಲ್ಲ. ಬಾಯಿಗೆ ಸುತ್ತಿಕೊಳ್ಳುವುದರಿಂದ ಅಳತೆಗಿಂತ ಕಾಲಿಂಚೋ ಅರ್ಧ ಇಂಚೋ ದೊಡ್ಡದು ಬೇಕು. ಆದರೆ ಎಡ ಬಲ ಗರಗಸದಂತೆ ಲಗಾಮು ಎಳೆಯುವ ಕೈಗೆ ಇದನ್ನು ಕೊಡಲೇಬಾರದು, ಒಂದೇ ಸವಾರಿಯಲ್ಲಿ ಬಾಯಿ ಹರಿಯುತ್ತದೆ. ಸವಾರ ಜಾಗಿಂಗ್ ಮಾಡುವಂತೆ ಟ್ರಾಟ್‌ನಲ್ಲಿ (ಕುದುರೆಯ ಕುಲುಕು ಓಟದಲ್ಲಿ) ಕೈ ಕುಲುಕುವವರಾದರೆ ಬಿಟ್ ಬದಲಿಸುವುದಕ್ಕಿಂತ ಸವಾರನನ್ನೇ ಲಂಜ್ ಹಗ್ಗದ (ನೆಲದಲ್ಲಿ ನಿಂತವರು ಹಿಡಿದು ಕುದುರೆಯನ್ನು ಸುತ್ತು ಹಾಕಿಸುವ ಉದ್ದ ಹಗ್ಗ) ಮೇಲೆ ಲಗಾಮಿಲ್ಲದೆ ಒಂದು ತಿಂಗಳು ಕೂರಿಸುವುದು ಅಗ್ಗ.

ಒಂದೇ ದಿಕ್ಕಿಗೆ ಓಡಿ ಓಡಿ ಒಂದು ಕಡೆ ಗಡುಸಾದ, ತಿರುವಿನಲ್ಲಿ ಹೊರಕ್ಕೆ ವಾಲುವ ಕುದುರೆಗೆ ಡಿ ಉಂಗುರದ್ದು, ಇಲ್ಲವೇ ಕೆನ್ನೆಗೆ ಉದ್ದ ಕಂಬಿ ಇರುವ ಫುಲ್ ಚೀಕ್. ತಿರುಗುವ ಲಗಾಮು ಎಳೆದಾಗ ಎದುರು ಬದಿಯ ಕಂಬಿ ಕೆನ್ನೆಯನ್ನು ತಳ್ಳಿ ದಾರಿ ತೋರಿಸುತ್ತದೆ, ಬಿಟ್ ಬಾಯೊಳಕ್ಕೆ ಜಾರಿ ಹೋಗುವುದೂ ಇಲ್ಲ. ಕಂಬಿಯ ಮೇಲ್ತುದಿಯನ್ನು ಕೆನ್ನೆಪಟ್ಟಿಗೆ ಹಿಡಿಸುವ ಚಿಕ್ಕ ಚರ್ಮದ ಕೊಂಡಿ ಹಾಕದೆ ಇದನ್ನು ಬಳಸಬೇಡಿ. ಅದಿಲ್ಲದಿದ್ದರೆ ತುದಿ ಇನ್ನೊಬ್ಬರ ಲಗಾಮಿಗೋ ಗೇಟಿನ ಸರಳಿಗೋ ಸಿಕ್ಕಿಕೊಳ್ಳುತ್ತದೆ.

ತಲೆ ಆಕಾಶಕ್ಕೆತ್ತಿ ಓಡುವ ಮಾರ್ವಾಡಿಗೆ ಬೇಕಾದ್ದು ಮಾತಾಡದೆ ಸುಮ್ಮನಿರುವ ಬಿಟ್. ಸ್ವಲ್ಪ ಬಾಗಿದ, ಕೀಲಿಲ್ಲದ ಮಲ್ಲೆನ್ ಸರಳು, ಅದೂ ಬೌಷೆ ಥರ ಕೆನ್ನೆಪಟ್ಟಿಯಿಂದ ತೂಗುವ ಕಂಬಿ ಇರುವುದು ಒಳ್ಳೆಯದು. ಬಾಯಲ್ಲಿ ಹೊರಳಾಡದೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಒಂಟಿ ಕೀಲು ಇಲ್ಲಿ ಕೆಟ್ಟ ಆಯ್ಕೆ: ಎಳೆದಾಗ ಮಡಚಿಕೊಂಡು ನಾಲಿಗೆಯನ್ನು ಎರಡೂ ಬದಿಯಿಂದ ಹಿಂಡುತ್ತದೆ, ಅಂಗುಳ ತಗ್ಗಾಗಿದ್ದರೆ ಅದಕ್ಕೂ ತಾಗಬಹುದು. ಹಳೇ ಗಾಯ ಆಳವಾಗಿದ್ದರೆ ಕೆಲವು ತಿಂಗಳು ಬಿಟ್ಟೇ ಇಲ್ಲದ, ಲಗಾಮು ಮೂಗಿನ ಪಟ್ಟಿಗೇ ಸೇರುವ ಸೈಡ್‌ಪುಲ್ ಹಾಕಿ ಬೇಲಿಯೊಳಗೇ ಪಳಗಿಸಿ. ಸನ್ನೆಕೋಲಿನ ಹ್ಯಾಕಮೋರ್ ಬಿಟ್ ಇಲ್ಲದ್ದು ಎಂಬ ಮಾತ್ರಕ್ಕೆ ಸೌಮ್ಯವಲ್ಲ, ಅದರ ತೋಳು ಉದ್ದವಾದಷ್ಟೂ ಮೂಗಿನ ಎಲುಬಿಗೆ ಒತ್ತಡ ಹೆಚ್ಚು.

ನಮ್ಮಲ್ಲಿ ‘ಜೋರು ಬಿಟ್’ ಎಂದಾಗ ಎಲ್ಲರ ಮನಸ್ಸಿಗೆ ಬರುವುದು ಡಚ್ ಗ್ಯಾಗ್, ಮೂರು ಉಂಗುರದ್ದು. ಲಗಾಮನ್ನು ಎಷ್ಟು ಕೆಳಗಿನ ಉಂಗುರಕ್ಕೆ ಹಾಕಿದರೆ ಅಷ್ಟು ಬಲ. ಇದಕ್ಕೆ ಗದ್ದದ ಸರಪಳಿ ಇರುವುದಿಲ್ಲ. ಎಳೆದಾಗ ಬಾಯಿಯ ಕಬ್ಬಿಣ ಮೇಲಕ್ಕೆ ಜಾರಿ ತುಟಿಯ ಮೂಲೆಯನ್ನು ಮೇಲೆತ್ತುತ್ತದೆ, ಅದೇ ಗಳಿಗೆಯಲ್ಲಿ ತಲೆಪಟ್ಟಿ ಕಿವಿಯ ಹಿಂದೆ ಕೆಳಕ್ಕೆ ಒತ್ತುತ್ತದೆ. ಒಂದೇ ಸಲ ‘ಮೇಲೆತ್ತು, ಕೆಳಗಿಳಿಸು’ ಎಂದಂತೆ. ಕತ್ತು ಊರುವ ಕುದುರೆಯ ಮೇಲೆ ಅನುಭವಿ ಕೈ ಇದ್ದರೆ ಕೆಲಸ ಕೊಡುತ್ತದೆ, ತಲೆ ಎತ್ತುವ ಕುದುರೆಗೆ ಹಾಕಿದರೆ ತಲೆ ಸವಾರನ ಮುಖಕ್ಕೇ ಬಡಿಯುತ್ತದೆ. ಹಾಕುವುದೇ ಆದರೆ ದೊಡ್ಡ ಉಂಗುರಕ್ಕೊಂದು, ಕೆಳಗಿನದಕ್ಕೊಂದು ಎಂದು ಎರಡು ಜೊತೆ ಲಗಾಮು ಇರಲಿ. ಕೆಳಗಿನದು ಬೇಕಾದಾಗ ಮಾತ್ರ ಬಿಗಿಯಾಗಬೇಕು.

ನಿಜವಾಗಿ ಬಲ ಬೇಕೆಂದರೆ ಪೆಲ್ಹಮ್ ಎಂಬ ಗದ್ದದ ಸರಪಳಿಯ, ಸನ್ನೆಕೋಲಿನ ಬಿಟ್ ವಾಸಿ, ಯಾಕೆಂದರೆ ಅದರ ಲೆಕ್ಕ ಕೈಗೆ ಸಿಗುತ್ತದೆ. ಬಾಯಿಯ ಸರಳಿನಿಂದ ಮೇಲಿನ ಕೊಕ್ಕೆಗೆ 4 ಸೆಂಮೀ, ಕೆಳಗಿನ ಲಗಾಮು ಉಂಗುರಕ್ಕೆ 8 ಸೆಂಮೀ ಎಂದುಕೊಳ್ಳಿ. ಕೆಳಗಿನ ಲಗಾಮಿಗೆ ಒಂದು ಕೆಜಿ ಎಳೆದರೆ ಗದ್ದದ ಸರಪಳಿಗೆ ಎರಡು ಕೆಜಿ, ಎರಡೂ ಕೂಡಿ ನಾಲಿಗೆ ಒಸಡಿಗೆ ಮೂರು ಕೆಜಿ ಬೀಳುತ್ತದೆ. ಮೇಲಿನ ಲಗಾಮು ಸಾಮಾನ್ಯ ಸ್ನ್ಯಾಫಲ್‌ನಂತೆ, ಕೆಳಗಿನದು ಮೀಸಲು. ಸರಪಳಿಯನ್ನು ಬಲಕ್ಕೆ ತಿರುವಿ ಕೊಂಡಿಗಳು ಚಪ್ಪಟೆಯಾಗುವವರೆಗೆ ಸುತ್ತಿ, ಗದ್ದದ ಗುಳಿಯಲ್ಲಿ ಕೂರಿಸಿ. ಕೆಳಗಿನ ತೋಳು ಬಾಯಿಯ ಗೆರೆಯಿಂದ ಸುಮಾರು 45 ಡಿಗ್ರಿ ಹಿಂದಕ್ಕೆ ಬಂದಾಗ ಅದು ತಾಗಬೇಕು. ಅದಕ್ಕೂ ಮೊದಲೇ ತಾಗಿದರೆ ಕುದುರೆಗೆ ಬಿಡುವೇ ಇಲ್ಲ, ತೀರಾ ಸಡಿಲವಾದರೆ ಸರಪಳಿ ಗುಳಿಯಿಂದ ಮೇಲೇರಿ ದವಡೆಯ ಚೂಪಾದ ಎಲುಬಿಗೆ ಕೂರುತ್ತದೆ. ಸರಪಳಿಗೆ ರಬ್ಬರ್ ಅಥವಾ ಚರ್ಮದ ಹೊದಿಕೆ ಹಾಕಿ. ಎರಡು ಲಗಾಮು ಕಷ್ಟ ಎಂದು ಉಂಗುರಗಳ ನಡುವೆ ಚರ್ಮದ ಪಟ್ಟಿ ಕಟ್ಟಿ ಒಂದೇ ಲಗಾಮು ಹಾಕುವವರಿದ್ದಾರೆ. ಆಗ ಸೌಮ್ಯ ಲಗಾಮೂ ಇಲ್ಲ, ಮೀಸಲೂ ಇಲ್ಲ, ಎಲ್ಲ ಹೊತ್ತೂ ಮಧ್ಯಮ ನೋವು. ಕಿಂಬಲ್‌ವಿಕ್ ಕೂಡ ಇದೇ ಜಾತಿ, ಚಿಕ್ಕ ಕೈಯ ಮಕ್ಕಳಿಗೆ ಪೋನಿ ಎಳೆಯುವಾಗ ಕೊಡುವುದುಂಟು.

ಲೋಹದ ವಿಷಯ ಚುಟುಕಾಗಿ: ಸ್ಟೇನ್‌ಲೆಸ್ ಸ್ಟೀಲ್ ಸಾಕು. ತಾಮ್ರ ಬೆರೆತದ್ದನ್ನು ಕೆಲವು ಕುದುರೆ ಇಷ್ಟಪಟ್ಟು ಜೊಲ್ಲು ಸುರಿಸುತ್ತವೆ, ಆದರೆ ಮೆದು ಲೋಹ ಬೇಗ ಸವೆಯುತ್ತದೆ. ಬಿಟ್ ಕಡಿದು ಹಿಡಿಯುವ ಕುದುರೆಗೆ ರಬ್ಬರ್ ಬಿಟ್ ಒಂದೆರಡು ತಿಂಗಳಲ್ಲೇ ಚಿಂದಿ.

ಮೂಗುಪಟ್ಟಿ ಬಾಯಿ ಹೊಲಿಯುವ ದಾರವಾಗಬಾರದು. ದವಡೆ ಓರೆ ಮಾಡಿ ಬಿಟ್‌ನಿಂದ ತಪ್ಪಿಸಿಕೊಳ್ಳುವುದನ್ನು ಒಂದು ಮಿತಿಯಲ್ಲಿ ತಡೆಯುವುದಷ್ಟೇ ಅದರ ಕೆಲಸ. ಕುದುರೆ ನುಂಗಲು, ಬಿಟ್ ಮೆಲ್ಲಗೆ ಅಗಿಯಲು ದವಡೆ ಆಡಲೇಬೇಕು. ಎರಡು ಬೆರಳಿನ ಸಡಿಲ ಎನ್ನುವ ಹಳೇ ನಿಯಮವನ್ನು ಎಲ್ಲರೂ ಹೇಳುತ್ತಾರೆ, ಆದರೆ ಬೆರಳು ತೂರಿಸುವುದು ಕೆನ್ನೆಯ ಪಕ್ಕದಲ್ಲೋ ದವಡೆಯ ಕೆಳಗೋ, ಎಲ್ಲಿ ಮಾಂಸ ಮೆತ್ತಗಿದೆಯೋ ಅಲ್ಲಿ. ಅಳೆಯಬೇಕಾದ್ದು ಮುಂದೆ, ಮೂಗಿನ ಎಲುಬಿನ ನಟ್ಟನಡುವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಐರ್ಲೆಂಡ್, ಇಂಗ್ಲೆಂಡ್, ಬೆಲ್ಜಿಯಂ ಸ್ಪರ್ಧೆಗಳಲ್ಲಿ 750 ಕುದುರೆಗಳನ್ನು ಹೀಗೆ ಅಳೆಯಿತು. ಎರಡು ಬೆರಳಿನ ಸಡಿಲ ಸಿಕ್ಕಿದ್ದು ಶೇ. 7ರಷ್ಟಕ್ಕೆ ಮಾತ್ರ, ಬೆರಳೇ ತೂರದಷ್ಟು ಬಿಗಿ ಇದ್ದದ್ದು ಶೇ. 44. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಎಫ್‌ಇಐ 2025ರಲ್ಲಿ ಸ್ಪರ್ಧೆಗಳಿಗೆ ಅಳತೆ ಸಾಧನವನ್ನೇ ತಂದಿದೆ, ಮೂಗಿನ ಮೇಲೆ 1.5 ಸೆಂಮೀ ಬಿಡುವು ಇರಬೇಕು. ಮನೆಯಲ್ಲಿ 1.5 ಸೆಂಮೀ ದಪ್ಪದ ಮರದ ತುಂಡು ಉಜ್ಜಿ ನಯ ಮಾಡಿಟ್ಟುಕೊಂಡರೆ ಸೈಸ್‌ನ ಬೆರಳು ದಪ್ಪವೋ ನಿಮ್ಮದೋ ಎಂಬ ವಾದವೇ ಇಲ್ಲ.

ಸಾದಾ ಕ್ಯಾವೆಸನ್ ಪಟ್ಟಿ ಕೆನ್ನೆ ಎಲುಬಿನ ಏಣು ಮುಗಿಯುವಲ್ಲಿಂದ ಎರಡು ಬೆರಳು ಕೆಳಗೆ ಕೂರಬೇಕು. ಅದಕ್ಕೆ ತಗುಲಿಸುವ ತೆಳು ಫ್ಲ್ಯಾಶ್ ಪಟ್ಟಿ ಬಿಟ್‌ನ ಕೆಳಗಿಂದ ಗದ್ದಕ್ಕೆ ಬರುತ್ತದೆ. ಇದರ ತೊಂದರೆ, ಫ್ಲ್ಯಾಶ್ ಬಿಗಿದಾಗ ಮೇಲಿನ ಪಟ್ಟಿ ಮೂಗಿನ ಮೇಲೆ ಕೆಳಕ್ಕೆ ಜಗ್ಗುತ್ತದೆ. ಜಗ್ಗದಿರಲಿ ಎಂದು ಮೇಲಿನದನ್ನೂ ಬಿಗಿಯುತ್ತಾರೆ, ಕೊನೆಗೆ ಎರಡೂ ಉಸಿರುಗಟ್ಟಿಸುತ್ತವೆ. ಅದಕ್ಕಿಂತ ಒಂದೇ ಪಟ್ಟಿಯ ಡ್ರಾಪ್ ಮೇಲು. ಮೂಗಿನ ಹೊಳ್ಳೆಯ ಮೇಲಂಚಿನಿಂದ ನಾಲ್ಕು ಬೆರಳು, ಅಂದರೆ 7–8 ಸೆಂಮೀ ಮೇಲೆ ಕೂರಬೇಕು. ಅಲ್ಲಿ ಒತ್ತಿ ನೋಡಿ, ಗಟ್ಟಿ ಎಲುಬು ಸಿಗಬೇಕು. ಕೆಳಗೆ ಇಳಿದರೆ ಮೆತ್ತನೆಯ ಮೃದ್ವಸ್ಥಿ, ಪಟ್ಟಿ ಅದನ್ನು ಒತ್ತಿ ಗಾಳಿ ದಾರಿ ಕಿರಿದು ಮಾಡುತ್ತದೆ. ಕುದುರೆ ಬಾಯಿಂದ ಉಸಿರಾಡಲಾರದು. ಓಡುವಾಗ ಉಸಿರು ಸಾಲದೆ ಅದು ತಲೆ ಕೊಡವುತ್ತದೆ, ನಾವು ಇನ್ನೊಂದು ತೂತು ಬಿಗಿಯುತ್ತೇವೆ.

ದವಡೆ ಓರೆ ಮಾಡಿ, ಬಾಯಿ ಎಡಕ್ಕೆ ಬಲಕ್ಕೆ ಜಾರಿಸಿ ಗ್ಯಾಲಪ್‌ನಲ್ಲಿ ಎಳೆಯುವ ಥರೋಬ್ರೆಡ್‌ಗೆ ನನ್ನ ಲೆಕ್ಕದಲ್ಲಿ ಗ್ರ್ಯಾಕಲ್ ಎಲ್ಲಕ್ಕಿಂತ ಸರಿ. ಎರಡು ಪಟ್ಟಿ ಮೂಗಿನ ಮೇಲೆ ಗುಣಾಕಾರದಲ್ಲಿ ದಾಟುತ್ತವೆ. ಮೇಲಿನದು ಕೆನ್ನೆ ಎಲುಬಿನ ಕೆಳಗೆ ಎತ್ತರದಲ್ಲಿ, ಕೆಳಗಿನದು ಬಿಟ್‌ನ ಕೆಳಗಿಂದ ಗದ್ದದ ಗುಳಿಗೆ. ದಾಟುವ ಜಾಗದಲ್ಲಿ ಕುರಿಯುಣ್ಣೆಯ ಬಿಲ್ಲೆ ಇರಬೇಕು. ಹೊಳ್ಳೆಗೆ ತೊಂದರೆಯಿಲ್ಲ, ಅದಕ್ಕೇ ರೇಸಿನಲ್ಲೂ ಇದನ್ನು ಬಳಸುತ್ತಾರೆ. ಮೇಲಿನ ಪಟ್ಟಿಯ ಬಕಲ್ ಕೆನ್ನೆಯ ಏಣಿನ ಮೇಲೆ ಬರದಂತೆ ನೋಡಿ. ನಾಲಿಗೆಯನ್ನು ಬಿಟ್‌ನ ಮೇಲೆ ಹಾಕುವ ಚಾಳಿಗೆ ಪಟ್ಟಿ ಬಿಗಿಯುವುದಕ್ಕಿಂತ ಆಸ್ಟ್ರೇಲಿಯನ್ ಚೀಕರ್ ಉತ್ತಮ. ಮೂಗಿನ ನಡುವಿನಿಂದ ಇಳಿಯುವ ರಬ್ಬರ್ ಪಟ್ಟಿ ಬಿಟ್ಟನ್ನು ಮೇಲಕ್ಕೆ ಹಿಡಿದಿಡುತ್ತದೆ. ನಾಲಿಗೆ ಕಟ್ಟುವ ಪಟ್ಟಿ ತೋಟದ ಸವಾರಿಗೆ ಬೇಡವೇ ಬೇಡ.

ಕೂಡದ ಜೋಡಿಗಳು ಕೆಲವಿವೆ. ಪೆಲ್ಹಮ್, ಕಿಂಬಲ್‌ವಿಕ್ ಜೊತೆ ಡ್ರಾಪ್, ಫ್ಲ್ಯಾಶ್ ಎರಡೂ ಬೇಡ. ಸರಪಳಿಯೂ ಪಟ್ಟಿಯೂ ಒಂದೇ ಗದ್ದದ ಗುಳಿಗೆ ಬಂದು ಒಂದರ ಮೇಲೊಂದು ಕೂರುತ್ತವೆ. ಅಲ್ಲಿ ಸಾದಾ ಕ್ಯಾವೆಸನ್. ಗ್ಯಾಗ್‌ಗೆ ಡ್ರಾಪ್ ಹಾಕಿದರೆ ಮೇಲಕ್ಕೆ ಜಾರಬೇಕಾದ ಕಬ್ಬಿಣಕ್ಕೆ ತುಟಿ ಬಿಟ್ಟುಕೊಡುವುದಿಲ್ಲ. ರನ್ನಿಂಗ್ ಮಾರ್ಟಿಂಗೇಲ್ (ತಲೆ ತೀರಾ ಎತ್ತದಂತೆ ಎದೆಯ ಕಡೆಯಿಂದ ಬಂದು ಎರಡು ಉಂಗುರದಲ್ಲಿ ಲಗಾಮನ್ನು ಹಿಡಿಯುವ ಪಟ್ಟಿ) ಹಾಕುವುದಾದರೆ ಕುದುರೆ ತಲೆ ಸಹಜವಾಗಿ ಹಿಡಿದಾಗ ಬಾಯಿಂದ ಕೈಗೆ ಲಗಾಮು ನೇರ ಗೆರೆಯಲ್ಲಿರಬೇಕು. ಉಂಗುರ ಲಗಾಮನ್ನು ಕೆಳಕ್ಕೆ ಜಗ್ಗಿ ಗೆರೆ ಮುರಿದರೆ ಎರಡು ತೂತು ಬಿಡಿ. ಬಿಟ್‌ಗೂ ಉಂಗುರಕ್ಕೂ ನಡುವೆ ಲಗಾಮಿನ ಮೇಲೆ ರಬ್ಬರ್ ತಡೆ ಕಡ್ಡಾಯ. ಅದಿಲ್ಲದೆ ಉಂಗುರ ಬಿಟ್‌ಗೆ ಸಿಕ್ಕಿಕೊಂಡರೆ ತಲೆ ಎದೆಗೆ ಕಟ್ಟಿಹಾಕಿದಂತಾಗಿ ಕುದುರೆ ಹಿಮ್ಮೊಗವಾಗಿ ಬೀಳುತ್ತದೆ.

ಹೊಸ ಬಿಟ್ ಪರೀಕ್ಷೆ ಮಾಡುವಾಗ ಬಿಟ್, ಮೂಗುಪಟ್ಟಿ, ಮಾರ್ಟಿಂಗೇಲ್ ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಒಂದನ್ನು ಬದಲಿಸಿ, ಒಂದು ವಾರ ಅದೇ ಸವಾರ, ಅದೇ ಜಾಗ. ಮೊದಲ ದಿನ ಲಾಯದಲ್ಲೇ ಹದಿನೈದು ನಿಮಿಷ ಹಾಕಿ ಬಿಡಿ, ಅಗಿದು ಬಾಯಿ ಒದ್ದೆಯಾಗಲಿ. ಎರಡನೇ ದಿನ ನೆಲದ ಮೇಲೆ ನಿಂತು ಒಂದೊಂದೇ ಲಗಾಮು ಮೆಲ್ಲಗೆ ಹಿಡಿದು, ಕುದುರೆ ಮೂತಿ ಒಂದಿಂಚು ತಿರುಗಿಸಿದ ತಕ್ಷಣ ಬಿಡಿ. ಆಮೇಲೆ ನಡೆಸಿ, ‘ಹೋ’ ಎಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಬೆನ್ನು ನೇರ ಮಾಡಿ, ಕೊನೆಗೆ ಬೆರಳು ಮುಚ್ಚಿ. ನಿಂತ ಮರುಗಳಿಗೆ ಬೆರಳು ತೆರೆಯಬೇಕು. ನಡಿಗೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ನಿಲ್ಲದ ಕುದುರೆಯನ್ನು ಟ್ರಾಟ್‌ಗೆ, ಟ್ರಾಟ್‌ನಲ್ಲಿ ನಿಲ್ಲದ್ದನ್ನು ಕ್ಯಾಂಟರ್‌ಗೆ ಒಯ್ಯಬೇಡಿ. ರೇಸ್ ಕುದುರೆಯ ಮೇಲೆ ಲಗಾಮನ್ನು ಅಭ್ಯಾಸಕ್ಕಿಂತ ಅರ್ಧ ಅಡಿ ಉದ್ದ ಬಿಟ್ಟು, ರಿಕಾಪು ಎರಡು ತೂತು ಇಳಿಸಿ ನೇರ ಕೂರುವುದೇ ಅರ್ಧ ಔಷಧ.

ಬೇಲಿಯೊಳಗೆ ಕುರಿಯಂತಿದ್ದ ಕುದುರೆ ಹೊರಗೆ ಬೇರೆಯೇ ಆಗುತ್ತದೆ. ತಳಿ ರಸ್ತೆಯ ಗುಲಾಬಿ ಪಾಲಿಹೌಸುಗಳ ಹರಿದ ಪ್ಲಾಸ್ಟಿಕ್ ಗಾಳಿಗೆ ಪಟಪಟಿಸಿದರೆ ಎಂಥದ್ದೂ ಜಿಗಿಯುತ್ತದೆ. ಮೊದಲ ಸಲ ಶಾಂತ ಹಳೇ ಕುದುರೆಯ ಹಿಂದೆ ಹೋಗಿ, ಬಯಲು ಕಂಡಲ್ಲೆಲ್ಲ ಓಡಿಸುವ ಅಭ್ಯಾಸ ಮಾಡಬೇಡಿ, ಮನೆಯ ದಿಕ್ಕಿಗೆ ಎಂದೂ ನಡಿಗೆಯೇ. ಆದರೂ ಕಿತ್ತುಕೊಂಡು ಓಡಿದರೆ ಎರಡೂ ಲಗಾಮು ಒಟ್ಟಿಗೆ ಎಳೆದು ಹಿಡಿಯಬೇಡಿ. ಒಂದು ಲಗಾಮು ಗಿಡ್ಡ ಹಿಡಿದು ಆ ಕೈಯನ್ನು ಕತ್ತಿನ ಕೂದಲ ಮೇಲೆ ಗಟ್ಟಿಯಾಗಿ ಊರಿ, ಇನ್ನೊಂದು ಕೈಯಿಂದ ಮೇಲಕ್ಕೂ ಹಿಂದಕ್ಕೂ ಎಳೆದು ಬಿಡಿ, ಮತ್ತೆ ಎಳೆದು ಬಿಡಿ. ಜಾಗವಿದ್ದರೆ ದೊಡ್ಡ ಸುತ್ತಿನಲ್ಲಿ ತಿರುಗಿಸಿ ಸುತ್ತನ್ನು ಕಿರಿದು ಮಾಡುತ್ತ ಬನ್ನಿ. ರಾಗಿ ಕೊಯ್ದ ಹೊಲದಲ್ಲಿ ಇದು ಆಗುತ್ತದೆ. ಟಾರು ರಸ್ತೆಯಲ್ಲಿ, ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ತಲೆ ಗಕ್ಕನೆ ತಿರುಗಿಸಿದರೆ ಲಾಳ ಜಾರಿ ಕುದುರೆ ಸವಾರನ ಮೇಲೆಯೇ ಉರುಳುತ್ತದೆ.

ಕೊಳ್ಳುವಾಗ ಒಂದು ಮಾತು. ನಮ್ಮ ದೇಶದ ಜೀನು ಚರ್ಮದ ಕೆಲಸ ಹೆಚ್ಚಾಗಿ ಕಾನ್ಪುರದ್ದು. ಒಳ್ಳೆಯದೂ ಅಲ್ಲಿಯದೇ, ಕಳಪೆಯೂ ಅಲ್ಲಿಯದೇ. ಬಿಟ್ ಕೈಗೆ ಬಂದಾಗ ಎರಕದ ಗೆರೆ ಉಳಿದಿದೆಯೇ ಎಂದು ಉಗುರಿನಿಂದ ಗೀರಿ ನೋಡಿ. ಕೀಲುಗಳ ಒಳಗೆ ಹತ್ತಿ ಎಳೆದು ಎಳೆ ಸಿಕ್ಕಿಕೊಂಡರೆ ಚರ್ಮವೂ ಸಿಕ್ಕಿಕೊಳ್ಳುತ್ತದೆ. ಸಡಿಲ ಉಂಗುರದ ತೂತು ಸವೆದು ಅಂಚು ಚೂಪಾಗಿದ್ದರೆ ತುಟಿ ಚಿವುಟುತ್ತದೆ. ಆ ಬಿಟ್ಟನ್ನು ಬಿಸಾಡಿ, ಇಲ್ಲವೇ ಹೊಸದು ಬರುವವರೆಗೆ ರಬ್ಬರ್ ಬಿಲ್ಲೆ ಹಾಕಿ. ಬಣ್ಣ ಏಳುತ್ತಿರುವ ಕ್ರೋಮ್ ಲೇಪದ್ದು ಬ್ಲೇಡಿಗೆ ಸಮ. ಆಷಾಢದಿಂದ ಕಾರ್ತಿಕದವರೆಗೆ ಲಾಯದ ಗೋಡೆ ತೇವ, ಬ್ರೈಡಲ್‌ಗೆ (ತಲೆಗೆ ಕಟ್ಟುವ ಚರ್ಮದ ಪಟ್ಟಿಗಳಿಗೆ) ಬೂಷ್ಟು ಹಿಡಿಯುತ್ತದೆ. ಸ್ಯಾಡಲ್ ಸೋಪಿನಿಂದ ಒರೆಸಿ ನೆರಳಲ್ಲಿ ಒಣಗಿಸಿ. ಕೊಬ್ಬರಿ ಎಣ್ಣೆ ಸುರಿದರೆ ಚರ್ಮ ಹಿಗ್ಗಿ ಹೊಲಿಗೆ ಸಡಿಲವಾಗುತ್ತದೆ. ಎಳೆಯುವ ಕುದುರೆಯ ಲಗಾಮು ಹರಿಯುವುದು ಯಾವಾಗಲೂ ಬಿಟ್‌ಗೆ ಸೇರುವ ಮಡಿಕೆಯಲ್ಲಿ. ಆ ಮಡಿಕೆಯ ಒಳಮೈ, ಬಕಲ್‌ನ ನಾಲಿಗೆಯ ತೂತು, ಕೆನ್ನೆಪಟ್ಟಿಯ ಹೊಲಿಗೆ, ಈ ಮೂರನ್ನು ಪ್ರತಿ ಸವಾರಿಗೂ ಮೊದಲು ಬಗ್ಗಿಸಿ ನೋಡಿ. ಬಿರುಕು ಕಂಡರೆ ಅವತ್ತು ಸವಾರಿ ಇಲ್ಲ.